ಅತ್ತೆಯ ಬಾಯಿಂದ ಬಂದ ‘ರಿ’

ನನಗೆ ಅರವತ್ತು ದಾಟಿದೆ. ನಮ್ಮ ಅತ್ತೆಗೆ ಎಂಬತ್ತೈದೋ ಎಂಬತ್ತೆಂಟೋ, ಅವರಿಗೇ ಗೊತ್ತಿಲ್ಲ. ಮೊಣಕಾಲು ಹಿಡಿದುಕೊಂಡು ‘ಯಪ್ಪಾ’ ಎನ್ನುತ್ತ ಏಳುವ ಒಬ್ಬ ಮುದುಕಿ, ಏಳಲಾರದ ಇನ್ನೊಬ್ಬ ಮುದುಕಿಯನ್ನು ಎತ್ತುವುದು. ಬನಹಟ್ಟಿಯ ನಮ್ಮ ಮನೆಯಲ್ಲಿ ದಿನಾ ನಡೆಯುವುದು ಇಷ್ಟೇ. ನೋಡಲು ಬಂದವರು “ಸೊಸಿ ಅಂದ್ರ ಹಿಂಗಿರಬೇಕು ನೋಡವಾ” ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಈ ವಯಸ್ಸಿನಲ್ಲೂ ನನ್ನನ್ನು ಸೊಸೆ ಎನ್ನುವವರಿದ್ದಾರಲ್ಲ ಎಂದು ನಗು ಬರುತ್ತದೆ. ಬೆನ್ನು ನೋಯದ ದಿನ ಮಾತ್ರ.

ಅತ್ತೆಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು, ಅರ್ಧ ನಾಲಿಗೆ ಒಂದೇ ಬೆಳಗಿನಲ್ಲಿ ಹೋದವು. ಮುಧೋಳದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಔಷಧಿಗಿಂತ ಹೆಚ್ಚಾಗಿ ಒಂದೇ ಮಾತನ್ನು ಒತ್ತಿ ಒತ್ತಿ ಹೇಳಿದರು: “ಎರಡೆರಡು ತಾಸಿಗೆ ಮಗ್ಗಲಾ ಹೊಳ್ಳಿಸ್ರಿ. ಹೊಳ್ಳಿಸಲಿಲ್ಲಂದ್ರ ಬೆನ್ನಿಗೆ ಹುಣ್ಣ ಆಗತಾವ.” ನಾನು ಗೋಣು ಹಾಕಿದೆ. ನಮ್ಮ ಮನೆಯವರೂ ಗೋಣು ಹಾಕಿದರು. ಅವರು ಅಲ್ಲಿಗೇ ಬಿಟ್ಟರು, ನಾನು ಇನ್ನೂ ಈ ಮಗ್ಗಲಿಂದ ಆ ಮಗ್ಗಲಿಗೆ ಹೊಳ್ಳಿಸುತ್ತಲೇ ಇದ್ದೇನೆ.

ಅತ್ತೆಯ ಮಂಚ ಪಡಸಾಲೆಯಲ್ಲಿದೆ. ಈ ಕಡೆ ತಲೆಬಾಗಿಲು, ಆ ಕಡೆ ಮಗ್ಗದ ಖೋಲಿ. ಎರಡು ವಿದ್ಯುತ್ ಮಗ್ಗ ಬೆಳಗಿನಿಂದ ಸಂಜೆಯವರೆಗೆ ಬಡಿಯುತ್ತವೆ. ಆ ಸದ್ದಿನಲ್ಲೇ ಬದುಕು ಕಳೆದು ನಮ್ಮ ಮನೆಯವರಿಗೆ ಕಿವಿ ಮಂದವಾಗಿದೆ. ತಾಯಿ ಕರೆದದ್ದು ಕೇಳಿಸಲಿಲ್ಲ ಎಂದರೆ ನಂಬಲೇಬೇಕು. ಆದರೆ ಊಟಕ್ಕೆ ಕರೆದರೆ ಅದೊಂದು ಹೇಗೋ ಕೇಳಿಸುತ್ತದೆ. ನಮಗಿರುವುದು ಒಬ್ಬಳೇ ಮಗಳು, ಬೀಳಗಿಗೆ ಕೊಟ್ಟಿದ್ದೇವೆ. ಅವಳ ಮನೆಯಲ್ಲಿ ಅವಳ ಮಾವ ಹಾಸಿಗೆ ಹಿಡಿದಿದ್ದಾರೆ. ತಾಯಿ ಮಗಳು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಗಂಜಿ, ಭೇದಿ, ಡೈಪರಿನ ಮಾತೇ. ನಮ್ಮ ಓಣಿಯಲ್ಲಿ ಈಗ ತೊಟ್ಟಿಲುಗಳಿಗಿಂತ ಇಂಥ ಮಂಚಗಳೇ ಹೆಚ್ಚು.

ಕೆಲಸಕ್ಕೆ ಒಬ್ಬಾಕೆಯನ್ನು ಇಟ್ಟು ನೋಡಿದೆವು. ಗಟ್ಟಿ ಹೆಣ್ಣುಮಗಳು. ಒಂದು ವಾರ ಅತ್ತೆಯನ್ನು ಎತ್ತಿ ಇಳಿಸಿ, “ಇದಕ್ಕಿಂತ ಕಬ್ಬ ಕಡಿಯೂದು ಹಗರ ಐತಿ ಬಿಡ್ರಿ” ಎಂದು ಹೇಳಿ ಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಕಿಚ್ಚು. ಬಿಟ್ಟು ಹೋಗಲು ಆಕೆಗೆ ಒಂದು ಬಾಗಿಲಿತ್ತು.

ಕೆಲವು ತಿಂಗಳ ಮೇಲೆ ಅತ್ತೆಯ ಬಾಯಿಗೆ ನಾಲ್ಕಾರು ಮಾತು ಮರಳಿ ಬಂದವು. ನೀರು, ಚಹಾ, ಮಗನ ಹೆಸರು. ಇವುಗಳ ಜೊತೆ ಇನ್ನೊಂದು ಬಂತು: “ಹೊಳ್ಳಿ…ಸ್ರಿ.” ನಡುವೆ ಬಾಯಿ ಸೊಟ್ಟಗಾಗಿ, ಉಗುಳು ನುಂಗಿದಂತೆ ಮಾಡಿ, ಆಮೇಲೆ ಕೊನೆಯ ಅಕ್ಷರ ಹೊರಗೆ ಹಾಕುತ್ತಿದ್ದರು. ಮಗ್ಗಲು ಹೊಳ್ಳಿಸಿರಿ ಅನ್ನುತ್ತಿದ್ದಾರೆ ಎಂದು ತಿಳಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ. ನನ್ನ ಕಿವಿ ನಿಂತದ್ದು ಕೊನೆಯ ‘ರಿ’ ಮೇಲೆ.

ಆ ‘ರಿ’ಯ ಬೆಲೆ ತಿಳಿಯಬೇಕಾದರೆ ನಮ್ಮ ಅತ್ತೆಯ ಬಾಯಿ ಹೇಗಿತ್ತು ಎಂಬುದು ತಿಳಿದಿರಬೇಕು. ನಾನು ರನ್ನ ಬೆಳಗಲಿಯವಳು. ನಾವೂ ಇವರ ಕುಲದವರೇ, ಆದರೆ ನಮ್ಮಪ್ಪನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ಹಿಡಿದವರು. ಮದುವೆಯಾಗಿ ಬಂದಾಗ ಹರಿದ ಎಳೆಗೆ ಗಂಟು ಹಾಕುವುದೂ ನನಗೆ ಬರುತ್ತಿರಲಿಲ್ಲ. ಅಂದಿನಿಂದ ಅತ್ತೆಗೆ ನಾನು ‘ಹೊಲದಾಕಿ’. ಬೀಗರ ಮುಂದೆ, ನೂಲಿನ ವ್ಯಾಪಾರಿಗಳ ಮುಂದೆ, ಕಡೆಗೆ ನನ್ನ ಮಗಳ ಮದುವೆಯ ಮಂಟಪದಲ್ಲೂ “ಏ ಹೊಲದಾಕಿ, ಅಕ್ಕಿಕಾಳ ತಾ ಬೇ” ಎಂದು ಕೂಗಿದ ಬಾಯಿ ಅದು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದರಲ್ಲಿ ನಾನು ಓಣಿಗೇ ಮುಂದಾದರೂ ಹೆಸರು ಬದಲಾಗಲಿಲ್ಲ.

ಅಂಥವರ ಬಾಯಲ್ಲಿ ನನಗೆ ‘ರಿ’! ಮೊದಲ ದಿನ ನಾನು ನಂಬಲಿಲ್ಲ. ಎರಡನೆಯ ದಿನ ಹಿತ್ತಲಿಗೆ ಹೋಗಿ ನೆರೆಮನೆಯವಳನ್ನು ಕರೆದೆ.

“ನೋಡವಾ, ನಮ್ಮ ಅತ್ತಿ ನನಗ ರೀ ಅನ್ನಾಕತ್ತಾರ.”

“ಬ್ಯಾನಿ ಬಂದ್ರ ಎಂಥಾವ್ರೂ ಮೆತ್ತಗಾಗತಾರ ತಗೊ,” ಎಂದಳು ಅವಳು.

ಮಗನಿಗೆ ಮಾತ್ರ ಅವರು ಇನ್ನೂ ಲೇ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯವರು ಊಟಕ್ಕೆ ಕೂತಾಗ “ಹೆತ್ತ ಮಗಗ ಲೇ, ನಿನಗ ರೀ. ಭಾಳ ಛಲೋ ಆತು” ಎಂದು ಗೊಣಗಿದರು. ನನಗಂತೂ ಒಳಗೊಳಗೇ ಹಿಗ್ಗು. ಇಷ್ಟು ವರ್ಷದ ದುಡಿಮೆಗೆ ಕೂಲಿ ಸಿಕ್ಕಿತು ಅಂದುಕೊಂಡೆ. ಆ ಒಂದು ಅಕ್ಷರಕ್ಕಾಗಿ ನಾನು ಎರಡು ತಾಸು ಕಾಯದೆ, ಅವರು ಕೇಳಿದಾಗಲೆಲ್ಲ ಹೊಳ್ಳಿಸಿದೆ. ಹಂಚಿನ ಮೇಲಿನ ರೊಟ್ಟಿಯಂತೆ ಈ ಮಗ್ಗಲು, ಆ ಮಗ್ಗಲು. ಹೊಳ್ಳಿಸಿ ದಿಂಬು ಸರಿಮಾಡಿ ನಿಲ್ಲುವುದರೊಳಗೆ ಮತ್ತೆ “ಹೊಳ್ಳಿ…ಸ್ರಿ.” “ಈಗರ ಹೊಳ್ಳಿಸೇನಲ್ರಿ ಅತ್ತಿ” ಎಂದರೆ ನನ್ನನ್ನೇ ನೋಡುತ್ತ ಕಣ್ಣಲ್ಲಿ ನೀರು ತರುತ್ತಿದ್ದರು. ನೋವಿಗೆ ಇರಬೇಕು ಎಂದು ಎಣ್ಣೆ ಹಚ್ಚುತ್ತಿದ್ದೆ.

ಇತ್ತ ನನ್ನ ಹೆತ್ತವ್ವ ರನ್ನ ಬೆಳಗಲಿಯಲ್ಲಿ ಹಾಸಿಗೆ ಹಿಡಿದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ತಮ್ಮ ಮತ್ತು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳುತ್ತಿದ್ದರು ಎಂದರೆ, ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ನಮ್ಮ ಮನೆಯಿಂದ ಅಲ್ಲಿಗೆ ಮೋಟಾರ್ ಸೈಕಲ್ಲಿನ ಮೇಲೆ ತಾಸಿನ ದಾರಿಯೂ ಇಲ್ಲ. ಮಹಾಲಿಂಗಪುರ ದಾಟಿದರೆ ನಮ್ಮೂರಿನ ಕಬ್ಬು ಕಾಣಿಸುತ್ತದೆ. ಅವ್ವ ಬಿದ್ದಾಗ ಒಮ್ಮೆ ಓಡಿ ಹೋಗಿ, ಮುಖ ನೋಡಿ, ಓಡಿ ಬಂದಿದ್ದೆ. ಆಮೇಲೆ ಫೋನಷ್ಟೇ.

“ಯಾವಾಗ ಬರತಿ ಯವ್ವಾ?”

“ಬರತೇನವ್ವಾ. ಈ ವಾರ ಬರತೇನಿ.”

ಎಷ್ಟು ವಾರ ಹಾಗೆ ಹೇಳಿದೆನೋ. ಅವ್ವ ಹೋಗಿಬಿಟ್ಟರೆ? ನಾನು ಅವಳ ಪಕ್ಕ ಎರಡು ದಿನ ಮಗಳಾಗಿ ಕೂರುವುದರೊಳಗೆ ಅವಳು ಹೋಗಿಬಿಟ್ಟರೆ? ಅತ್ತೆಗೆ ಗಂಜಿ ಕುಡಿಸುವಾಗ ಇದೊಂದೇ ಯೋಚನೆ. ಚಮಚ ತುಸು ಜೋರಾಗಿಯೇ ಹಲ್ಲಿಗೆ ತಾಗುತ್ತಿತ್ತು. ಮುಚ್ಚುಮರೆ ಯಾಕೆ, ಇವರು ಹೋಗಬಾರದೇ ಎಂದು ಎಷ್ಟೋ ಸಲ ಅನಿಸಿದೆ. ಹಾಗೆ ಅನಿಸಿದ ದಿನವೇ ಅವರು ಎರಡು ಬಟ್ಟಲು ಗಂಜಿ ಕುಡಿದರೆ ಖುಷಿಯೂ ಆಗಿದೆ. ಎರಡೂ ನಿಜ. ಪುಣ್ಯ ಬರುತ್ತದೆ ಎಂದು ಹೇಳಿ ಹೋದವರಲ್ಲಿ ಒಬ್ಬರಾದರೂ ‘ನೀ ಹೋಗಿ ಬಾ, ನಾ ಕೂಡತೇನಿ’ ಅಂದಿದ್ದರೆ ಆ ಪುಣ್ಯದಲ್ಲಿ ಅರ್ಧ ಅವರಿಗೇ ಕೊಡುತ್ತಿದ್ದೆ.

ಈ ವರ್ಷ ನಾಗರ ಪಂಚಮಿ ಹತ್ತಿರ ಬಂದಾಗ ನಾನು ಹಟ ಹಿಡಿದೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತೌರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಹೋಗಿ ಉಂಡಿ ತಿಂದು ಜೋಕಾಲಿ ಆಡಬೇಕು. ಹಾಗಿದ್ದರೆ ನನ್ನ ನಾದಿನಿಗೂ ಅದೇ ನ್ಯಾಯ. ಅವಳ ತೌರು ಈ ಮನೆ. ಅವಳಿರುವ ಜಮಖಂಡಿಗೆ ಫೋನ್ ಹಚ್ಚಿ, ಹಬ್ಬಕ್ಕೆ ಬಂದು ನಿನ್ನ ತಾಯಿಯ ಹತ್ತಿರ ಎರಡು ದಿನ ಇರು ಎಂದೆ.

“ವೈನಿ, ಹಬ್ಬಕ್ಕಂತ ಬಂದಾಕಿಗೆ ಕೆಲಸ ಹಚ್ಚತಿ? ನೀನ ಮನ್ಯಾಗ ಇರಲಿಲ್ಲಂದ್ರ ನನಗ ಉಂಡಿ ಕೊಡಾವ್ರ ಯಾರು?”

“ಕಟ್ಟಿ ಡಬ್ಬಿ ತುಂಬಿಸಿ ಇಟ್ಟ ಹೋಗತೇನಿ. ಕೂತಲ್ಲೇ ತಿನ್ನು.”

“ನನ್ನ ಮೊಣಕಾಲ ನೋಡೀಯಿಲ್ಲ?”

“ನನಗೂ ಮೊಣಕಾಲ ಅದಾವವಾ,” ಎಂದೆ. ಕಡೆಗೆ ಬರುತ್ತೇನೆ ಎಂದಳು.

ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಎಲ್ಲ ಕಟ್ಟಿದೆ. ಖಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಸಿದೆ. ನಾದಿನಿ ಹಬ್ಬದ ಮುನ್ನಾದಿನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ತಾಯಿಯನ್ನು ಹೇಗೆ ಎತ್ತಬೇಕು, ಯಾವ ಕಡೆಯಿಂದ ಕುಡಿಸಿದರೆ ನೆತ್ತಿಗೆ ಹತ್ತುವುದಿಲ್ಲ, ‘ಹೊಳ್ಳಿ…ಸ್ರಿ’ ಎಂದರೆ ಏನು, ಎಲ್ಲ ತೋರಿಸಿದೆ. ತನ್ನ ತಾಯಿಯನ್ನು ಮುಟ್ಟಲು ಅವಳ ಕೈ ಹಿಂಜರಿಯುತ್ತಿತ್ತು. ನನಗೆ ಅದೆಲ್ಲ ನೋಡುವ ಪುರಸೊತ್ತು ಇರಲಿಲ್ಲ. ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದೆ.

ಮಧ್ಯಾಹ್ನ ತಮ್ಮ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ, “ಲಗೂನ ನಡಿ ಅಕ್ಕಾ, ಮಳಿ ಬರೂ ಹಂಗ ಆಗೇತಿ” ಎಂದ. ಹೊರಡುವ ಮುಂಚೆ ನಾನೇ ಕೊನೆಯ ಸಲ ಅತ್ತೆಯನ್ನು ಬಾಗಿಲ ಕಡೆಗೆ ಹೊಳ್ಳಿಸಿ ಮಲಗಿಸಿದ್ದೆ. ಅವರು ಕಣ್ಣು ತೆರೆದರು. ಹೊಸ್ತಿಲಲ್ಲಿ ನಿಂತ ಗಂಡಸನ್ನು ನೋಡಿದರು, ನನ್ನ ಕೈಯಲ್ಲಿನ ಚೀಲ ನೋಡಿದರು. ಅವರ ಎಡಗೈ ಮೇಲೆದ್ದಿತು.

“ಅಣ್ಣ… ಅಣ್ಣ ಬಂದ.”

ಆಮೇಲೆ ನನ್ನ ಕಡೆ ತಿರುಗಿ, “ಹೊಳ್ಳಿ…ಸ್ರಿ” ಎಂದರು. ಅಭ್ಯಾಸಬಲ, ನಾನು ಚೀಲ ಕೆಳಗಿಟ್ಟು ಬೆನ್ನ ಕೆಳಗೆ ಕೈ ಹಾಕಿದೆ. ಅವರು ನನ್ನ ಕೈಯನ್ನು ಕಿತ್ತು ತಳ್ಳಿದರು. ಅಷ್ಟು ಬಲ ಆ ಎಡಗೈಯಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬಾಯಿ ಸೊಟ್ಟ ಮಾಡಿ, ನುಂಗುತ್ತಿದ್ದ ಆ ನಡುವಿನ ಮಾತನ್ನು ಹೇಗೋ ಹೊರಗೆ ತಂದರು:

“ಅತ್ತಿ… ಅಣ್ಣ ಬಂದಾನ್ರಿ. ನಮ್ಮ ಮನಿಗೆ ಹೊಳ್ಳಿ ಕಳಸ್ರಿ.”

ಹೊಳ್ಳಿಸ್ರಿ ಅಲ್ಲ, ಹೊಳ್ಳಿ ಕಳಸ್ರಿ. ನಮ್ಮ ಮಾತಿನಲ್ಲಿ ಮಗ್ಗಲು ಬದಲಿಸುವುದೂ ಹೊಳ್ಳುವುದೇ, ಬಂದ ದಾರಿಯಲ್ಲಿ ತಿರುಗಿ ಹೋಗುವುದೂ ಹೊಳ್ಳುವುದೇ. ತಿರುಗಿ ಕಳಿಸಿ ಎಂದು ಈ ಜೀವ ಇಷ್ಟು ದಿನ ಬೇಡಿಕೊಳ್ಳುತ್ತಿತ್ತು. ನಾನು ಪ್ರತಿಸಲವೂ ಹಿಡಿದು ಇನ್ನೊಂದು ಮಗ್ಗಲಿಗೆ ಹೊಳ್ಳಿಸಿ ಮಲಗಿಸಿದ್ದೆ.

ಮತ್ತು ಆ ‘ರಿ’ ನನ್ನದಾಗಿರಲಿಲ್ಲ. ಅದು ಅವರ ಅತ್ತೆಗೆ ಸಲ್ಲಬೇಕಾದ್ದು. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡ, ಫೋಟೋದಲ್ಲಿ ಮಾತ್ರ ಕಂಡ ಹೆಂಗಸಿಗೆ. ನಾದಿನಿ ಹಣೆ ಮುಟ್ಟಿಕೊಂಡು ಮೆಲ್ಲಗೆ ಹೇಳಿದಳು: “ಅಜ್ಜಿ ಅವ್ವನ್ನ ಹಬ್ಬಕ್ಕ ಕಳಸ್ತಿದ್ದಿಲ್ಲಂತ ವೈನಿ. ಹಬ್ಬದಾಗ ಸೀರಿಗೆ ಬೇಡಿಕಿ ಭಾಳ, ಕಂಡಿಕಿ ಸುತ್ತಾವ್ರ ಯಾರಂತ. ನಮ್ಮ ಸ್ವಾದರಮಾವ ಬಾಗಲದಾಗ ನಿಂತು, ನೀರ ಕುಡದು ಹೋಗತಿದ್ದನಂತ.”

ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ‘ರಿ’ ಹೋಯಿತಲ್ಲ ಎಂಬ ಸಿಟ್ಟು. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಾನು ಈ ಪಡಸಾಲೆಯಲ್ಲಿ ಸಿಕ್ಕಿಬಿದ್ದವಳು ಎಂದು ಹಗಲೂ ರಾತ್ರಿ ಕೊರಗುತ್ತಿದ್ದೆ. ಅವರ ಕಣ್ಣಿಗೆ ಬಾಗಿಲು ಕಾಯುತ್ತಿದ್ದವಳು ನಾನೇ. ಗಂಜಿ ಕುಡಿಸುವಾಗ ಅವರು ನನ್ನನ್ನು ನೋಡುತ್ತಿದ್ದ ನೋಟ ಹೆದರಿಕೆಯದು ಎಂದು ಆಗ ಅರ್ಥವಾಯಿತು.

ಅವರು ನನ್ನ ಸೆರಗು ಹಿಡಿದಿದ್ದರು. ತಮ್ಮ ಹೊಸ್ತಿಲಲ್ಲಿ ನಿಂತು ಆಕಾಶ ನೋಡುತ್ತಿದ್ದ. ಏನಾದರೂ ಹೇಳಲೇಬೇಕಿತ್ತು. ನಾನು ಆ ಫೋಟೋದ ಹೆಂಗಸಿನ ಪರವಾಗಿ ಬಾಯಿ ತೆರೆದೆ.

“ಹೋಗಿ ಬಾರವಾ. ಹಬ್ಬ ಮುಗಿಸಿ, ನಾಕ ದಿನ ಇದ್ದು ಬಾ.”

ಸೆರಗು ಸಡಿಲವಾಯಿತು. ಅವರ ಮುಖದ ಆಡುವ ಅರ್ಧ ನಕ್ಕಿತು. ಎದ್ದು ಹೊರಡಲು ಎಡಗಾಲು ಒಮ್ಮೆ ಅಲುಗಿತು, ಆಮೇಲೆ ದಣಿದು ಕಣ್ಣು ಮುಚ್ಚಿದರು. ನಾದಿನಿ ನನ್ನ ರಟ್ಟೆ ಹಿಡಿದು, “ಹೋಗ ವೈನಿ, ಮತ್ತ ಎಚ್ಚರಾಗೂದ್ರಾಗ ಹೋಗ” ಎಂದಳು. ಅವರಿಗೆ ಅಪ್ಪಣೆ ಕೊಟ್ಟು, ಆ ಬಾಗಿಲಿನಿಂದ ನಾನು ಹೊರಗೆ ಬಂದೆ. ಕದ್ದ ಸಾಮಾನು ಮಡಿಲಲ್ಲಿ ಇಟ್ಟುಕೊಂಡು ಓಡಿದಂತಿತ್ತು.

ದಾರಿಯಲ್ಲಿ ಮಳೆ ಬರಲಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎಡಬಲಕ್ಕೆ ಎದೆಯೆತ್ತರದ ಕಬ್ಬು. ಕಿವಿಯಲ್ಲಿ ಮಗ್ಗವಿಲ್ಲ, ಯಾರೂ ಕರೆಯುವವರಿಲ್ಲ. ತಮ್ಮ ಹಿಂದೆ ತಿರುಗಿ ಏನೋ ಕೇಳಿದರೆ ಸುಮ್ಮನೆ ಹೂಂ ಎಂದೆ. ಗಾಡಿ ಇನ್ನಷ್ಟು ನಿಧಾನ ಹೋಗಲಿ ಎನಿಸಿತು. ಆ ದಾರಿಯಷ್ಟು ಹೊತ್ತು ನಾನು ಯಾರಿಗೂ ಬೇಕಾಗಿರಲಿಲ್ಲ, ಎಷ್ಟು ಹಾಯೆನಿಸಿತ್ತು.

ಊರಲ್ಲಿ ಮನೆಯ ಮುಂದೆ ತಮ್ಮನ ಹೆಂಡತಿ ನಿಂತಿದ್ದಳು. ತಲೆ ಬಾಚಿ ಹೂ ಮುಡಿದಿದ್ದಳು. ನನಗೆ ಕಾಲಿಗೆ ನೀರು ಕೊಟ್ಟಳು. ಕಟ್ಟೆಯ ಮೇಲೆ ತುಂಬಿದ ಚೀಲವೊಂದು ಇತ್ತು, ನನ್ನದರ ಹಾಗೇ.

“ಅಕ್ಕಾರ, ನೀವರ ಬಂದ್ರಿ. ನಾ ಎರಡ ದಿನ ಸಮೀರವಾಡಿಗೆ ಹೋಗಿ ಬರಲೇನ್ರಿ? ನಮ್ಮಪ್ಪಗ ಅರಾಮಿಲ್ಲ. ಅತ್ತಿಯಾರು ಬಿದ್ದಾಗಿಂದ ಹೋಗೇ ಇಲ್ರಿ.”

ನಾನು ತಮ್ಮನ ಕಡೆ ನೋಡಿದೆ. ಅವನು ಕೆಡದ ಗಾಡಿಯ ಚೈನು ನೋಡುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ. ಅಕ್ಕನನ್ನು ಕರೆತರಲು ಇವನಿಗೆ ಇಷ್ಟು ಅವಸರ ಯಾಕಿತ್ತು ಎಂದು ತಿಳಿಯಿತು. ಎದೆಯಲ್ಲಿ ಹಬ್ಬ ಅಲ್ಲಿಗೇ ಮುಗಿಯಿತು. ಒಂದು ಮಂಚದಿಂದ ಇಳಿದು ಇನ್ನೊಂದು ಮಂಚಕ್ಕೆ ಬಂದಿದ್ದೆ, ನಡುವೆ ಸ್ವಲ್ಪ ಗಾಳಿ ಸಿಕ್ಕಿತ್ತು. ಬೇಡ ಎನ್ನಲು ಬಾಯಿ ತೆರೆದೆ ಕೂಡ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಹಾಗೆ ನೋಡುವವರ ಮುಂದೆ ಇನ್ನೇನು ಹೇಳಲಿ? “ಹೋಗಿ ಬಾ” ಎಂದೆ. ಪ್ರೀತಿಯಿಂದ ಹೇಳಲಿಲ್ಲ, ಹಲ್ಲು ಕಚ್ಚಿ ಹೇಳಿದೆ. ಅವಳು ಮಾಡಿಟ್ಟಿದ್ದ ಚಹಾ ಆರುವ ಮೊದಲೇ, ಅವಳನ್ನು ಕೂರಿಸಿಕೊಂಡ ತಮ್ಮನ ಗಾಡಿ ಓಣಿ ದಾಟಿತು.

ಅವ್ವ ಒಳಗೆ ಚಾದರದಲ್ಲಿ ಸಣ್ಣ ಮಗುವಿನಷ್ಟೇ ಇದ್ದಳು. ನನ್ನನ್ನು ನೋಡಿದ್ದೇ ಎರಡೂ ಕೈಯಿಂದ ನನ್ನ ಗಲ್ಲ ಹಿಡಿದಳು. “ಬಂದ್ಯಾ ಯವ್ವಾ, ಬಂದ್ಯಾ” ಎಂದಳು. ನಾನು ಅವಳ ಎದೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅರವತ್ತು ದಾಟಿದವಳು, ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಅವಳು ತಲೆ ಸವರುತ್ತಿದ್ದಳು. ಇದಕ್ಕಾಗಿಯೇ ನಾನು ಇಷ್ಟು ದಿನ ಉಸಿರು ಹಿಡಿದಿದ್ದೆ, ಸುಳ್ಳಲ್ಲ.

ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

“ಆಕಿ ಎಲ್ಲಿ? ನನ್ನ ಎತ್ತಿ ಕೂಡಸಬೇಕು.”

“ನಾ ಎತ್ತತೇನಿ ತಡಿ ಅವ್ವಾ.” ಅವ್ವನಿಗೆ ಕಿವಿ ಮಂದ, ಜೋರಾಗಿಯೇ ಹೇಳಿದೆ.

“ನಿನ್ನ ಕೈಗೆ ಬ್ಯಾನಿ ಆಕ್ಕೈತಿ. ಆಕಿನ ಕರಿ.”

“ತೌರಿಗೆ ಹೋದ್ಲವ್ವಾ. ಪಂಚಮಿ ಐತಿ, ನಾನ ಕಳಿಸೇನಿ.”

ಅವ್ವನ ಮುಖ ಬಿಗಿಯಿತು. ಫೋನಿನಲ್ಲಿ ಯವ್ವಾ ಯವ್ವಾ ಎನ್ನುತ್ತಿದ್ದ ಮುದುಕಿ ಇವಳಲ್ಲ ಎನಿಸುವಷ್ಟು ಬಿಗಿಯಿತು.

“ಯಾರನ್ನ ಕೇಳಿ ಕಳಿಸಿದಿ? ಮೂರ ಸಲ ಕೇಳಿದ್ಲು, ನಾ ಬ್ಯಾಡ ಅಂದಿದ್ದೆ. ನೀ ಎರಡ ದಿನ ಇದ್ದು ಹೋಗಾಕಿ. ಆಮ್ಯಾಲ?”

“ಎರಡ ದಿನಕ್ಕ ಬರತಾಳ ಬೇ.”

“ಬರೂದಿಲ್ಲ.” ಅವ್ವ ನನ್ನ ಮಣಿಕಟ್ಟು ಹಿಡಿದಳು. “ಒಮ್ಮಿ ಹೊರಗ ಬಿದ್ರ ಇಂಥಾದಕ್ಕ ಯಾರ ತಿರುಗಿ ಬರತಾರ? ನೀ ಆದ್ರ ಬರತಿದ್ದಿ ಏನು? ಇನ್ನೂ ದಾರ್ಯಾಗ ಇರತಾಳ. ಫೋನ್ ಹಚ್ಚು. ಬಾ ಅನ್ನು.”

ನಾನು ಫೋನ್ ಕೈಗೆ ತೆಗೆದುಕೊಂಡೆ. ನಂಬರು ಒತ್ತುವ ಮೊದಲೇ ಅದು ಅಂಗೈಯಲ್ಲಿ ನಡುಗತೊಡಗಿತು. ಬನಹಟ್ಟಿಯಿಂದ ನಾದಿನಿ. ಅತ್ತೆಗೆ ಎಚ್ಚರವಾಗಿರಬೇಕು. ಅವ್ವ ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಿದ್ದಳು. ನಾನು ಅದನ್ನು ಎತ್ತಲೂ ಇಲ್ಲ, ಕಟ್ ಮಾಡಲೂ ಇಲ್ಲ. ಅದು ನಡುಗಿ ನಡುಗಿ ತಾನಾಗಿ ನಿಲ್ಲುವವರೆಗೆ, ನಾನೇ ಹಚ್ಚಿದವಳಂತೆ ಕಿವಿಗೆ ಹಿಡಿದು ಕೂತೆ.

“ಆಕಿ ಫೋನ್ ಹತ್ತವಲ್ದು ಅವ್ವಾ,” ಎಂದೆ.